ಜಸ್ಟಿಯಾದಲ್ಲಿ ಎಲಿಜಬೆತ್ ನಗರದ ಪೇಟೆಂಟ್ ತೀರ್ಪು: ಯಂತ್ರ ಕಟ್ಟುವವರಿಗೆ ಉಪಯೋಗವುಂಟೇ?

ಅಡಿಕೆ ಸುಲಿಯುವುದಕ್ಕೋ ಮರ ಹತ್ತುವುದಕ್ಕೋ ಹೊಸ ಯಂತ್ರ ಕಟ್ಟಿದವರು ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಮೊದಲು ಅದನ್ನು ನಾಲ್ಕು ತೋಟಗಳಲ್ಲಿ ಓಡಿಸಿ ನೋಡುತ್ತಾರೆ. ಪೇಟೆಂಟಿನ ಯೋಚನೆ ಆಮೇಲೆ. ಈ ಕ್ರಮ ಎಲ್ಲಿ ಕೈಕೊಡುತ್ತದೆ ಎಂದು ತಿಳಿಯಲು ಜಸ್ಟಿಯಾ ಎಂಬ ಅಮೆರಿಕದ ಉಚಿತ ಕಾನೂನು ತಾಣದಲ್ಲಿರುವ 1877ರ ಒಂದು ತೀರ್ಪು ಓದಬೇಕು. ‘97 ಯುಎಸ್ 126’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿ. ಬರೀ ಎಲಿಜಬೆತ್ ಎಂದರೆ ಏನೇನೋ ಬರುತ್ತದೆ.

ವ್ಯಾಜ್ಯ ಮರದ ರಸ್ತೆಯದು. ಸ್ಯಾಮ್ಯುಯಲ್ ನಿಕಲ್ಸನ್ ಕಂಡುಹಿಡಿದ ಕ್ರಮದಲ್ಲಿ ಕೆಳಗೆ ಉದ್ದಕ್ಕೂ ಒಂದೇ ಅಡಿಪಾಯ, ಮೇಲೆ ನೆಟ್ಟಗೆ ನಿಲ್ಲಿಸಿದ ಮರದ ತುಂಡುಗಳ ಸಾಲು, ಸಾಲುಗಳ ನಡುವಿನ ಕಿರಿದಾದ ಸಂದಿಗೆ ಜಲ್ಲಿ ಮತ್ತು ಡಾಂಬರು. 1848ರಲ್ಲಿ ಬೋಸ್ಟನ್ನಿನ ಮಿಲ್ ಡ್ಯಾಮ್ ರಸ್ತೆಯಲ್ಲಿ, ಟೋಲ್ ಗೇಟಿನ ಹತ್ತಿರ, ಸ್ವಂತ ಖರ್ಚಿನಲ್ಲಿ 75 ಅಡಿ ಹಾಸಿದರು. ಪೇಟೆಂಟ್ ಸಿಕ್ಕಿದ್ದು 1854ರಲ್ಲಿ. ಅಷ್ಟರವರೆಗೆ ಊರವರ ಗಾಡಿಗಳೆಲ್ಲ ಅದರ ಮೇಲೇ ಓಡಾಡಿದ್ದವು. ಅದೇ ತರಹದ ರಸ್ತೆ ಮಾಡಿಸಿ ಕೋರ್ಟಿಗೆ ಎಳೆಯಲ್ಪಟ್ಟ ನ್ಯೂಜೆರ್ಸಿಯ ಎಲಿಜಬೆತ್ ನಗರ ಹಿಡಿದದ್ದು ಈ ಎಳೆಯನ್ನೇ: ಅರ್ಜಿಗೆ ಎರಡು ವರ್ಷಕ್ಕೂ ಮೊದಲೇ ಸಾರ್ವಜನಿಕ ಬಳಕೆಯಾಗಿದೆ, ಪೇಟೆಂಟ್ ನಿಲ್ಲದು.

ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬ್ರ್ಯಾಡ್ಲಿ ಒಪ್ಪಲಿಲ್ಲ. ರಸ್ತೆ ಬಾಳುತ್ತದೋ ಕೊಳೆಯುತ್ತದೋ ತಿಳಿಯಬೇಕಾದರೆ ಗಾಡಿ ಓಡಲೇಬೇಕಲ್ಲ! ಆ ತಾಣದ ಪುಟದಲ್ಲಿ ಮೊದಲಿಗಿರುವ ಸಾರಾಂಶ ಓದಿ ನಿಲ್ಲಿಸಬೇಡಿ, ಸತ್ವ ಇರುವುದು ಒಳಗಿನ ಸಾಕ್ಷ್ಯದಲ್ಲಿ. ನಿಕಲ್ಸನ್ ಹೆಚ್ಚುಕಡಿಮೆ ದಿನಾ ಬರುತ್ತಿದ್ದರು, ಬೆತ್ತದಿಂದ ರಸ್ತೆಯನ್ನು ತಟ್ಟಿ ನೋಡುತ್ತಿದ್ದರು, ಜನ ಏನೆನ್ನುತ್ತಾರೆಂದು ಕೇಳುತ್ತಿದ್ದರು ಎಂದು ಟೋಲ್ ವಸೂಲಿಯವನು ಹೇಳಿದ್ದಾನೆ. ಮಾರಿದ್ದರೆ, ಬೇರೆಯವರಿಗೆ ಮಾಡಿಕೊಳ್ಳಲು ಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಹೀಗೆ ಪೇಟೆಂಟ್ ಉಳಿಯಿತು. ಆದರೆ ಅದನ್ನು ಮೀರಿ ಗಳಿಸಿದ ಲಾಭ ಕಕ್ಕಬೇಕಾದದ್ದು ಎಲಿಜಬೆತ್‌ನಲ್ಲಿ ರಸ್ತೆ ಹಾಸಿದ ಕಂಪನಿ ಮಾತ್ರ. ನಗರಕ್ಕೆ ಲಾಭವೇ ಆಗಿರಲಿಲ್ಲ.

ಕೊರತೆಗಳೂ ಇವೆ. ಕನ್ನಡವಿಲ್ಲ, ವಾಕ್ಯಗಳು ಮೊಳದುದ್ದ. ಅದಕ್ಕಿಂತ ಅಪಾಯದ್ದು, ಅಲ್ಲಿನ ಲೆಕ್ಕವನ್ನು ಇಲ್ಲಿಗೆ ಹಾಕುವುದು. ನಮ್ಮ 1970ರ ಪೇಟೆಂಟ್ ಕಾಯ್ದೆಯ 32ನೇ ಕಲಂ ಪ್ರಯೋಗಕ್ಕೆ ಕೊಡುವುದು ಆದ್ಯತಾ ದಿನಾಂಕಕ್ಕೆ (ಸಾಮಾನ್ಯವಾಗಿ ಮೊದಲ ಅರ್ಜಿ ಹಾಕಿದ ದಿನ) ಹಿಂದಿನ ಒಂದೇ ವರ್ಷ; ಅದೂ ನ್ಯಾಯವಾದ ಪರೀಕ್ಷೆಗೆ ಮಾತ್ರ, ಅದನ್ನು ಜನರೆದುರೇ ಮಾಡುವುದು ಅನಿವಾರ್ಯವಾಗಿದ್ದರೆ. ಪ್ರದರ್ಶನಕ್ಕಿಟ್ಟದ್ದರಿಂದ ಪೇಟೆಂಟ್ ತಪ್ಪದಂತೆ ಕಾಯುವ 31ನೇ ಕಲಂನ ರಕ್ಷಣೆ ಕೃಷಿ ಮೇಳದಲ್ಲಿ ಇಟ್ಟರೆ ತಾನಾಗಿ ಬರುವುದಿಲ್ಲ, ಆ ಪ್ರದರ್ಶನವನ್ನು ಕೇಂದ್ರ ಸರ್ಕಾರ ಅಧಿಸೂಚಿಸಿರಬೇಕು. ಆದ್ದರಿಂದ ತೋಟಕ್ಕೆ ಒಯ್ಯುವ ಮೊದಲೇ ತಾತ್ಕಾಲಿಕ ವಿವರಣೆಯೊಂದಿಗೆ (ಪೂರ್ತಿ ವಿವರ ಆಮೇಲೆ ಕೊಡುವ ಮೊದಲ ಬರಹ) ಅರ್ಜಿ ಹಾಕಿ. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. ಪೂರ್ಣ ವಿವರಣೆಗೆ 12 ತಿಂಗಳು ಸಿಗುತ್ತದೆ, ಅದು ತಪ್ಪಿದರೆ ಅರ್ಜಿಯನ್ನು ಕೈಬಿಟ್ಟಂತೆ. ಯಂತ್ರ ಯಾರ ತೋಟದಲ್ಲಿ, ಯಾವ ದಿನ, ಎಷ್ಟು ಹೊತ್ತು ಓಡಿತು, ಯಾವ ಬ್ಲೇಡ್ ಬದಲಾಯಿತು ಎಂದು ಬರೆದು ತೋಟದವರ ಸಹಿ ಹಾಕಿಸಿ. ಬಾಡಿಗೆ ಮಾತ್ರ ತೆಗೆದುಕೊಳ್ಳಬೇಡಿ. ಕಾಸರಗೋಡಿನವರಿಗೂ ಗಡಿಯಾಚೆ ಮಂಗಳೂರಿನವರಿಗೂ ಪೇಟೆಂಟ್ ಕಚೇರಿ ಒಂದೇ, ಚೆನ್ನೈ.

ಐದರಲ್ಲಿ ನಾಲ್ಕು ಅಂಕ.