ಚೀಲದ ಮುಂದೆ ಕುರಿ, ಹಿಂದೆ ಕೋಳಿ: ನಾಯಿಗೆ ತುರಿಕೆ ಇದ್ದವರು ಎಚ್ಚರ

ಜಮಖಂಡಿ ಕಡೆಯ ಒಂದು ಮನೆಯ ಮುಧೋಳ ನಾಯಿಗೆ ವರ್ಷವಿಡೀ ತುರಿಕೆ. ಪಂಜ ನೆಕ್ಕಿ ನೆಕ್ಕಿ ಕೆಂಪಾಗಿತ್ತು, ಕಿವಿ ಮೇಲಿಂದ ಮೇಲೆ ಸೋರುತ್ತಿತ್ತು. ಉಣ್ಣಿ, ಚಿಗಟ ಇರಲಿಲ್ಲ. ಕೋಳಿ ಆಗಿಬರುತ್ತಿಲ್ಲವೆಂಬ ಅನುಮಾನ ಬಂದು ಮನೆಯವರು ‘ಲ್ಯಾಂಬ್ ಅಂಡ್ ರೈಸ್’ ಎಂದು ಬರೆದ ದುಬಾರಿ ಡಾಗ್ ಫುಡ್ ತಂದು ಎರಡು ತಿಂಗಳು ಹಾಕಿದರು. ತುರಿಕೆ ಇಳಿಯಲಿಲ್ಲ. ಚೀಲದ ಹಿಂದಿನ ಸಣ್ಣ ಅಕ್ಷರಗಳಲ್ಲಿ ಪೌಲ್ಟ್ರಿ ಮೀಲ್ (ಕೋಳಿಯಂಥ ಹಕ್ಕಿಗಳ ಪುಡಿ), ಚಿಕನ್ ಫ್ಯಾಟ್ (ಕೋಳಿ ಕೊಬ್ಬು), ಹೈಡ್ರೊಲೈಸ್ಡ್ ಚಿಕನ್ ಲಿವರ್ (ಸಣ್ಣ ಕಣಗಳಾಗಿ ಒಡೆದ ಕೋಳಿ ಪಿತ್ತಜನಕಾಂಗ) ಮೂರೂ ಇದ್ದವು. ರುಚಿಗೆಂದು ಮೇಲೆ ಸವರುವುದು ಈ ಲಿವರನ್ನೇ. ರೊಕ್ಕವೂ ಹೋಯಿತು, ನಾಯಿಯ ಸಂಕಟವೂ ತಪ್ಪಲಿಲ್ಲ.

ಬಿಡಿಯಾಗಿ ಕಿಲೋ ಲೆಕ್ಕದಲ್ಲಿ ಮಾರುವ ಡಾಗ್ ಫುಡ್ಡಂತೂ ಬೇಡವೇ ಬೇಡ. ಎಲ್ಲ ಚೀಲಕ್ಕೂ ಒಂದೇ ಡಬ್ಬಿ ಅದ್ದಿರುತ್ತಾರೆ, ಓದಲು ಪಟ್ಟಿಯೂ ಸಿಗುವುದಿಲ್ಲ.

ಇನ್ನು ಕೆಲವರು ತಪ್ಪನ್ನೆಲ್ಲ ಜೋಳದ ರೊಟ್ಟಿಯ ಮೇಲೆ ಹಾಕುತ್ತಾರೆ. ನಾಯಿಗಳಿಗೆ ಹೆಚ್ಚಾಗಿ ಅಲರ್ಜಿ ತರುವವು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋದಿ. ರೊಟ್ಟಿ ನಿಲ್ಲಿಸಿ, ಅದನ್ನು ನೆನೆಸುತ್ತಿದ್ದ ಹಾಲನ್ನು ಮುಂದುವರಿಸಿದರೆ ಏನೂ ತಿಳಿಯದು.

ರಕ್ತ, ಕೂದಲು, ಜೊಲ್ಲಿನ ಪರೀಕ್ಷೆಗೂ ಹಣ ಸುರಿಯಬೇಡಿ. ಆಹಾರದ ಅಲರ್ಜಿಯ ವಿಷಯದಲ್ಲಿ ಅವುಗಳನ್ನು ನಂಬಲಾಗದು. ನಾಯಿ ಈವರೆಗೆ ತಿನ್ನದ ಒಂದು ಮಾಂಸ, ಜೊತೆಗೆ ಒಂದು ಗಡ್ಡೆ ಅಥವಾ ಧಾನ್ಯ, 8 ವಾರ ಇವೆರಡನ್ನೇ ಹಾಕಿ ನೋಡಬೇಕು. ನಮ್ಮ ಕಡೆ ರೋಹು ಮೀನು, ಬೆಳಗಾವಿ ಗೆಣಸು ಸುಲಭವಾಗಿ ಸಿಗುತ್ತವೆ. ಬೇರೆ ಬೇರೆ ಬೇಯಿಸಿ, ಮುಳ್ಳನ್ನೂ ಸಿಪ್ಪೆಯನ್ನೂ ತೆಗೆದು, ಬೆಂದ ಮೇಲಿನ ತೂಕದಲ್ಲಿ ಸಮಸಮ ಕಲಸಿ. ಉಪ್ಪು, ಖಾರ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಸೋಕಿಸಲೇಬೇಡಿ. ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮನೆಮಂದಿಗೆ ಮಾಡಿದ ಮಟನ್ ಸಾರನ್ನು ನಾಯಿಗೂ ಸುರಿಯುವವರು ಇದನ್ನು ಗಮನಿಸಿ.

ಹಳೆಯ ಊಟ ಕಡಿಮೆ ಮಾಡುತ್ತ 5ರಿಂದ 7 ದಿನಗಳಲ್ಲಿ ಹೊಸದಕ್ಕೆ ಬನ್ನಿ. 8 ವಾರದ ಲೆಕ್ಕ ಶುರುವಾಗುವುದು ಹಳೆಯದು ಪೂರ್ತಿ ನಿಂತ ದಿನದಿಂದ. ಹೊಟ್ಟೆಯ ತೊಂದರೆ ಬೇಗ ಸರಿಹೋಗುತ್ತದೆ, ಚರ್ಮಕ್ಕೆ ಅಷ್ಟು ಸಮಯ ಬೇಕೇ ಬೇಕು.

ಈ ಪ್ರಯತ್ನ ಹಾಳಾಗುವುದು ಬಹುತೇಕ ಬಟ್ಟಲಿನ ಹೊರಗೆ. ಮಕ್ಕಳು ಕೊಡುವ ಗ್ಲೂಕೋಸ್ ಬಿಸ್ಕೀಟಿನಲ್ಲಿ ಗೋದಿ, ಹಾಲು ಎರಡೂ ಇರುತ್ತವೆ. ಮಾಂಸದ ರುಚಿ ಹಾಕಿದ ಜಂತಿನ ಗುಳಿಗೆ, ಅದನ್ನು ನುಂಗಿಸಲು ಕೊಡುವ ಪೇಢಾ, ಬೆಕ್ಕು ಬಿಟ್ಟ ಹಾಲು, ಇವುಗಳಲ್ಲಿ ಯಾವುದೊಂದಾದರೂ ಸಾಕು, ಲೆಕ್ಕ ಕೆಡುತ್ತದೆ. ನಡುವೆ ಸ್ಟೀರಾಯ್ಡ್ ಇಂಜೆಕ್ಷನ್ ಬಿದ್ದರೆ ತುರಿಕೆ ಇಳಿದದ್ದು ಊಟದಿಂದಲೋ ಔಷಧದಿಂದಲೋ ಗೊತ್ತಾಗದು. ಅದಕ್ಕೇ ಪಶುವೈದ್ಯರಿಗೆ ಮೊದಲೇ ತಿಳಿಸಿಡಿ.

ತುರಿಕೆ ಇಳಿದರೆ ಹಳೆಯ ಊಟವನ್ನೇ ಮತ್ತೆ ಹಾಕಿ. ಹೆಚ್ಚಿನವರು ಹೆದರಿ ಈ ಹಂತ ಬಿಡುತ್ತಾರೆ. 14 ದಿನದೊಳಗೆ ತುರಿಕೆ ಮರಳಿದರೆ ಮಾತ್ರ ಆಹಾರವೇ ಕಾರಣವೆಂದು ಖಚಿತ. ಆಮೇಲೆ ಮೀನು, ಗೆಣಸಿಗೆ ಮರಳಿ, ತುರಿಕೆ ತಣಿದ ಮೇಲೆ ಕೋಳಿ, ಹಾಲು, ಗೋದಿಯನ್ನು ಒಂದೊಂದಾಗಿ ಎರಡೆರಡು ವಾರ ಸೇರಿಸಿ ನೋಡಿ.

ಮೀನು, ಗೆಣಸು ಪೂರ್ಣ ಆಹಾರವಲ್ಲ, ಕ್ಯಾಲ್ಸಿಯಂ ತೀರಾ ಕಡಿಮೆ. ವರ್ಷದೊಳಗಿನ ಮರಿಗೆ ಪಶುವೈದ್ಯರನ್ನು ಕೇಳದೆ ಇದನ್ನು ಹಾಕಬೇಡಿ, ಮೂಳೆ ಸೊರಗುತ್ತದೆ.