ಎನ್‌ಐಸಿಯುನಲ್ಲಿದ್ದ ಮಗುವಿಗೆ ಓಎಇ ‘ಪಾಸ್’ ಒಂದೇ ಸಾಲದು

ನವಜಾತ ಶಿಶುವಿನ ಶ್ರವಣ ತಪಾಸಣೆಯಲ್ಲಿ ‘ರೆಫರ್’ (ಮುಂದಿನ ಪರೀಕ್ಷೆ ಬೇಕು) ಎಂದು ಬಂದ ಮಾತ್ರಕ್ಕೆ ಮಗುವಿಗೆ ಕಿವಿ ಕೇಳುವುದಿಲ್ಲವೆಂದು ಅರ್ಥವಲ್ಲ. ಕಿವಿಯಲ್ಲಿ ಉಳಿದ ದ್ರವದಿಂದಲೂ ಹಾಗಾಗುವುದುಂಟು. ಆದರೆ ಯಾವ ಪರೀಕ್ಷೆಯಲ್ಲಿ ‘ರೆಫರ್’ ಆಯಿತು, ಮರುತಪಾಸಣೆ ಯಾವುದರಿಂದ ನಡೆಯುತ್ತಿದೆ ಎಂಬುದನ್ನು ನೋಡದಿದ್ದರೆ ಏನಾಗುತ್ತದೆಂಬುದನ್ನು ನನ್ನ ತಂಗಿಯ ಮಗನ ವಿಷಯದಲ್ಲಿ ಕಂಡಿದ್ದೇವೆ.

ಅವಧಿಗೆ ಮುನ್ನ ಹುಟ್ಟಿದ ಅವನಿಗೆ ಕಾಮಾಲೆ ಏರಿ, ಫೋಟೋಥೆರಪಿ (ಬೆಳಕಿನ ಚಿಕಿತ್ಸೆ) ಸಾಲದೆ ರಕ್ತವನ್ನೇ ಬದಲಾಯಿಸಬೇಕಾಯಿತು. ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಿಂದ ಮನೆಗೆ ಕಳಿಸುವ ಮೊದಲು, ಸದ್ದಿಗೆ ಶ್ರವಣ ನರವೂ ಮಿದುಳಿನ ಕಾಂಡವೂ ಸ್ಪಂದಿಸುತ್ತವೆಯೇ ಎಂದು ತಲೆಗೆ ಎಲೆಕ್ಟ್ರೋಡ್ ಅಂಟಿಸಿ ನೋಡುವ ಸ್ವಯಂಚಾಲಿತ ಎಬಿಆರ್ ತಪಾಸಣೆಯಲ್ಲಿ ಎರಡೂ ಕಿವಿಗೆ ‘ರೆಫರ್’ ಬಂದಿತು. ಮರುತಪಾಸಣೆಗೆಂದು ಹೋದ ಖಾಸಗಿ ಕೇಂದ್ರದಲ್ಲಿ ಕಿವಿಯೊಳಗೆ ಪ್ರೋಬ್ ಇಟ್ಟು ಓಎಇ ಮಾತ್ರ ಮಾಡಿ, ಎರಡೂ ಕಡೆ ‘ಪಾಸ್’ ಎಂದು ಬರೆದು, ಬೆರಾ (ವಿವರವಾದ ಎಬಿಆರ್ ಪರೀಕ್ಷೆ) ಅಗತ್ಯವಿಲ್ಲವೆಂದರು. ತಂಗಿ ಡಿಸ್ಚಾರ್ಜ್ ಪತ್ರವನ್ನು ಮುಂದಿಟ್ಟು ಕಾಮಾಲೆಯ ವಿಷಯ ಹೇಳಿದಾಗ, “ಪಾಸ್ ಆಗಿದೆಯಲ್ಲಮ್ಮ, ಸುಮ್ಮನೆ ಗಾಬರಿಯಾಗಬೇಡಿ” ಎಂದು ಬಾಗಿಲು ತೋರಿಸಿದರು.

ಓಎಇ ಅಳೆಯುವುದು ಒಳಕಿವಿಯ ಕಾಕ್ಲಿಯಾದಲ್ಲಿರುವ ರೋಮಕೋಶಗಳು ಹೊರಡಿಸುವ ಕ್ಷೀಣ ಧ್ವನಿಯನ್ನು. ಅಲ್ಲಿಂದ ಮುಂದೆ ನರದ ಮೂಲಕ ಮಿದುಳಿನ ಕಾಂಡಕ್ಕೆ ಸಂಕೇತ ತಲುಪಿತೇ ಎಂಬುದು ಅದಕ್ಕೆ ತಿಳಿಯದು. ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಹಳದಿ ವಸ್ತುವಾದ ಬಿಲಿರುಬಿನ್ ಅತಿಯಾದರೆ, ಕಾಕ್ಲಿಯಾಕ್ಕೆ ತೊಂದರೆ ಮಾಡದೆಯೇ ಶ್ರವಣ ನರಕ್ಕೂ ಮಿದುಳಿನ ಕಾಂಡದ ಶ್ರವಣ ಕೇಂದ್ರಗಳಿಗೂ ಹಾನಿ ಮಾಡಬಲ್ಲದು. ಆಡಿಟರಿ ನ್ಯೂರೋಪತಿ ಎಂಬ ಆ ಸ್ಥಿತಿಯಲ್ಲಿ ಓಎಇ ಚೆನ್ನಾಗಿಯೇ ಬರುತ್ತದೆ, ಎಬಿಆರ್ ಅಲೆಗಳು ಮಾತ್ರ ಕಾಣುವುದಿಲ್ಲ. ಎನ್‌ಐಸಿಯುನಲ್ಲಿ 5 ದಿನಕ್ಕಿಂತ ಹೆಚ್ಚು ಇದ್ದ ಶಿಶುಗಳನ್ನು ಎಬಿಆರ್‌ನಿಂದಲೇ ತಪಾಸಿಸಬೇಕು, ಎಬಿಆರ್‌ನಲ್ಲಿ ‘ರೆಫರ್’ ಆದ ಮಗುವನ್ನು ಓಎಇ ಮಾಡಿ ‘ಪಾಸ್’ ಎನ್ನಬಾರದು ಎಂದು ಅಮೆರಿಕದ ಶಿಶು ಶ್ರವಣ ಜಂಟಿ ಸಮಿತಿ 2007ರಲ್ಲಿಯೇ ಹೇಳಿದೆ. ಈ ಕೆಲಸವನ್ನೇ ವೃತ್ತಿಯಾಗಿ ಮಾಡುವವರಿಗೆ ಇದು ಗೊತ್ತಿರಲಿಲ್ಲವೆಂದರೆ ನಂಬುವುದು ನನಗೆ ಕಷ್ಟ.

ಮನೆಯಲ್ಲಿ ಅಜ್ಜಿ ತಟ್ಟೆ ಬಡಿದರೆ ಒಮ್ಮೆ ತಿರುಗುತ್ತಿದ್ದ, ಇನ್ನೊಮ್ಮೆ ಇಲ್ಲ. ಈ ತೊಂದರೆಯ ಸ್ವಭಾವವೇ ಹಾಗೆ: ಸದ್ದು ಕೇಳಿಸಬಹುದು, ಮಾತು ಸ್ಪಷ್ಟವಾಗದು, ದಿನದಿಂದ ದಿನಕ್ಕೆ ವ್ಯತ್ಯಾಸವೂ ಇರುತ್ತದೆ. ತೊದಲು ಮಾತು ಬಾರದೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದರು. ಅಲ್ಲಿ ಓಎಇ ಮತ್ತು ಎಬಿಆರ್ ಎರಡನ್ನೂ ಜೊತೆಯಲ್ಲಿ ನೋಡಿದಾಗಲೇ ಇದು ಆಡಿಟರಿ ನ್ಯೂರೋಪತಿ ಎಂಬ ವಿಷಯ ಹೊರಬಿತ್ತು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ನೆರವು ಎಂಬ ಗಡುವು ಅಷ್ಟರಲ್ಲಿ ಕಳೆದಿತ್ತು. ಎಳೆಯ ಮಗುವಾದರೆ ಹಾಲು ಕುಡಿದು ಸಹಜವಾಗಿ ನಿದ್ದೆ ಹೋದಾಗಲೇ ಮುಗಿಯುತ್ತಿದ್ದ ಬೆರಾಕ್ಕೆ ಈಗ ನಿದ್ದೆಯ ಔಷಧಿ ಕೊಡಬೇಕಾಯಿತು.

ಎನ್‌ಐಸಿಯುನಲ್ಲಿದ್ದ, ಅದರಲ್ಲೂ ತೀವ್ರ ಕಾಮಾಲೆಯಾಗಿದ್ದ ಮಗುವಿನ ಹೆತ್ತವರು ಮೊದಲ ತಪಾಸಣೆಯ ಮುದ್ರಿತ ವರದಿಯನ್ನೂ, ಬಿಲಿರುಬಿನ್ ಗರಿಷ್ಠ ಎಷ್ಟಿತ್ತೆಂದು ಬರೆದ ಡಿಸ್ಚಾರ್ಜ್ ಪತ್ರವನ್ನೂ ಆಡಿಯಾಲಜಿಸ್ಟ್‌ಗೆ (ಶ್ರವಣ ತಜ್ಞರಿಗೆ) ತೋರಿಸಿ, ಎಬಿಆರ್ ಆಗದ ಹೊರತು ‘ಪಾಸ್’ ಎಂಬುದನ್ನು ಒಪ್ಪಬೇಡಿ. ಎಬಿಆರ್‌ನಲ್ಲಿ ಅಲೆ ಕಾಣದಿದ್ದರೂ ಅದೇ ದಿನ ಯಾವುದೇ ಶ್ರವಣ ಯಂತ್ರ ಕೊಳ್ಳಲು ಅವಸರಪಡಬೇಡಿ. ಅವಧಿಪೂರ್ವ ಶಿಶುಗಳಲ್ಲಿ ನರಮಾರ್ಗ ಬಲಿತಂತೆ ಕೆಲವರ ಎಬಿಆರ್ ಸುಧಾರಿಸುವುದರಿಂದ, ಪರೀಕ್ಷೆಯನ್ನು ಮತ್ತೆ ಯಾವಾಗ ಮಾಡುತ್ತಾರೆಂಬ ದಿನಾಂಕವನ್ನು ಬರೆಸಿಕೊಂಡೇ ಹೊರಡಿ.