ಮೈಸೂರಿಂದ ಮಂಗಳೂರಿಗೆ ಒಂದು ದಿನಕ್ಕೆ ಟಿಟಿ (ಟೆಂಪೋ ಟ್ರಾವೆಲರ್) ಬುಕ್ ಮಾಡೋರು ದಯವಿಟ್ಟು ಇದನ್ನ ಓದಿ

ಮೂರು ದಿನ ಆಯ್ತು, ಇನ್ನೂ ಹೊಟ್ಟೆ ಉರೀತಾನೇ ಇದೆ. 11,500 ರೂಪಾಯಿಗೆ ಮಾತಾಡಿದ ಗಾಡಿಗೆ 18,440 ಕೊಟ್ಟಿದ್ದೀನಿ. ಅದೂ ರಾತ್ರಿ ಹನ್ನೆರಡೂವರೆಗೆ, ಕುವೆಂಪುನಗರದ ನಮ್ಮನೆ ಗೇಟ್ ಮುಂದೆ, ಅಕ್ಕಪಕ್ಕದವರೆಲ್ಲ ಲೈಟ್ ಹಾಕ್ಕೊಂಡು ನೋಡ್ತಿರುವಾಗ.

ದಸರಾ ರಜಕ್ಕೆ ಮಂಡ್ಯದಿಂದ ಅಕ್ಕ, ಭಾವ, ಮಕ್ಕಳು ಬಂದಿದ್ರು. ಮಕ್ಕಳು ಸಮುದ್ರ ನೋಡೇ ಇರ್ಲಿಲ್ಲ. ಅಮ್ಮನಿಗೆ ಸಂಪಾಜೆ ಘಾಟಿ ಅಂದ್ರೆ ಪ್ರಾಣ. 2018ರ ಆಗಸ್ಟ್‌ನಲ್ಲಿ ಮದೆನಾಡು, ಜೋಡುಪಾಲ ಕಡೆ ಗುಡ್ಡ ಕುಸಿದು ರೋಡೇ ಕಿತ್ತೋಯ್ತಲ್ಲ, ಆವತ್ತಿಂದ ಆ ಕಡೆ ಹೋಗಿರ್ಲಿಲ್ಲ. ಹುಣಸೂರು, ಕುಶಾಲನಗರ, ಮಡಿಕೇರಿ ಮೇಲೆ ಹೋಗಿ, ಸಂಪಾಜೆ ಇಳಿದು, ಸುಳ್ಯ, ಪುತ್ತೂರು ದಾಟಿ ಮಂಗಳೂರು. ಸಮುದ್ರ ನೋಡಿ ಅದೇ ದಾರೀಲಿ ವಾಪಸ್. ಒಂದು ಕಡೆಗೆ 255 ಕಿ.ಮೀ. ಆಸುಪಾಸು. ದಿನ ಉದ್ದ ಆಗುತ್ತೆ, ಆದ್ರೆ ಆಗದ್ದೇನಲ್ಲ.

ಗಾಡಿ ಹುಡುಕಿದ್ದು ನಾನೇ. ಹನ್ನೆರಡು ಸೀಟಿನ ಟಿಟಿ, 550 ಕಿ.ಮೀ. ತನಕ 11,500, ಡ್ರೈವರ್ ಬಾಟಾ (ಅವನ ದಿನದ ಭತ್ಯೆ) ಸೇರಿ, ಟೋಲು ಪಾರ್ಕಿಂಗು ನಮ್ಮದು. ಓನರ್ ಫೋನಲ್ಲಿ ಹೇಳಿದ್ದು ಇಷ್ಟೇ. "ಒಂದು ದಿನ ಅಲ್ವಾ ಮೇಡಂ, ಆರಾಮಾಗಿ ಹೋಗಿ ಬನ್ನಿ" ಅಂದ್ರು. ಆ "ಒಂದು ದಿನ" ಅನ್ನೋ ಮಾತಿನಲ್ಲೇ ಇದ್ದಿದ್ದು ಎಲ್ಲ. ಮೂರು ಸಾವಿರ ಅಡ್ವಾನ್ಸ್ ಹಾಕ್ದೆ.

ಐದು ಗಂಟೆಗೆ ಬರಬೇಕಾದ ಗಾಡಿ ಬಂದಿದ್ದು ಆರು ಇಪ್ಪತ್ತಕ್ಕೆ. ಹುಣಸೂರಿನ ಬಂಕಲ್ಲಿ ಡೀಸೆಲ್‌ಗೆ ಅಂತ ಡ್ರೈವರ್ ಇನ್ನೂ ಐದು ಸಾವಿರ ಹಾಕಿಸ್ಕೊಂಡ. ಇರ್ಲಿ, ಎಲ್ಲರೂ ಮಾಡೋದೇ. ಘಾಟಿ ಮಾತ್ರ ಚೆನ್ನಾಗಿತ್ತು. ಮಡಿಕೇರಿ ಬಿಟ್ಟಮೇಲೆ ಮಂಜು, ಕೆಳಗಿಳೀತಾ ಪಯಸ್ವಿನಿ ರೋಡಿನ ಪಕ್ಕಕ್ಕೇ ಬರುತ್ತೆ, ಅಮ್ಮ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಅದನ್ನ ನೆನೆಸ್ಕೊಂಡ್ರೂ ಈಗ ಸಂಕಟ ಆಗುತ್ತೆ.

ಪಣಂಬೂರಲ್ಲಿ ನಾವು ನೀರಲ್ಲಿದ್ದಾಗ ಡ್ರೈವರ್ ಓನರ್ ಜೊತೆ ಅರ್ಧ ಗಂಟೆ ಫೋನಲ್ಲಿದ್ನಂತೆ. ದಡದಲ್ಲಿ ಕೂತಿದ್ದ ಅಮ್ಮ ಕೇಳಿಸ್ಕೊಂಡಿದ್ರು. "ಹನ್ನೆರಡು ಆಗುತ್ತೆ ಬಿಡಣ್ಣ" ಅಂದನಂತೆ. ಪಾಪ, ಅಮ್ಮನಿಗೆ ಅದರ ಅರ್ಥ ಹೇಗೆ ಗೊತ್ತಾಗಬೇಕು? ನನಗೆ ಹೇಳಿದ್ದಿದ್ರೂ ನನಗೂ ಗೊತ್ತಾಗ್ತಿರ್ಲಿಲ್ಲ.

ಐದು ಗಂಟೆಗೆ ಹೊರಟ್ವಿ. ಮಾಣಿಯಲ್ಲಿ ಬಲಕ್ಕೆ ತಿರುಗಿದ್ರೆ ಪುತ್ತೂರು. ಗಾಡಿ ತಿರುಗ್ಲೇ ಇಲ್ಲ, ಸೀದಾ ಉಪ್ಪಿನಂಗಡಿ ಕಡೆ ಹೋಯ್ತು. ಯಾಕಪ್ಪಾ ಅಂದ್ರೆ, "ಸಂಪಾಜೆ ಹತ್ರ ಮರ ಬಿದ್ದು ಬಂದ್ ಆಗಿದೆ ಮೇಡಂ, ಶಿರಾಡಿ ಘಾಟಿ ಮೇಲೆ ಹೋಗೋಣ." 2018 ನೋಡಿದವರು ನಾವು, ಘಾಟಿ ಬಂದ್ ಅಂದ್ರೆ ನಂಬದೇ ಇರ್ತೀವಾ? ನಂಬಿದ್ವಿ. ಗುಂಡ್ಯದಿಂದ ಮಾರನಹಳ್ಳಿ ತನಕ ಕತ್ತಲಲ್ಲಿ ಗ್ಯಾಸ್ ತುಂಬಿದ ಬುಲೆಟ್ ಟ್ಯಾಂಕರ್‌ಗಳ ಹಿಂದೆ ತೆವಳಿದ್ವಿ. ಸಕಲೇಶಪುರ, ಹಾಸನ. ಹಾಸನ ಬಿಟ್ಟಮೇಲೆ ಊಟಕ್ಕೆ ಅಂತ ಐವತ್ತು ನಿಮಿಷ. ನಮ್ಮದೆಲ್ಲ ಹದಿನೈದು ನಿಮಿಷದಲ್ಲಿ ಮುಗೀತು, ಅವನು ಬರ್ಲೇ ಇಲ್ಲ. ಕೆ.ಆರ್. ನಗರ ದಾಟಿದ ಮೇಲೆ ಮತ್ತೆ ಸೈಡಿಗೆ ಹಾಕ್ದ. "ಕಣ್ಣು ಎಳೀತಿದೆ ಮೇಡಂ, ಹತ್ತು ನಿಮಿಷ." ನಿದ್ದೆ ಬರ್ತಿದೆ ಅನ್ನೋ ಡ್ರೈವರ್‌ಗೆ ಬೇಡ ಅನ್ನೋಕಾಗುತ್ತಾ? ಮಕ್ಕಳಿದ್ದಾರೆ ಗಾಡೀಲಿ. ಮೂವತ್ತೈದು ನಿಮಿಷ ಕಾದ್ವಿ. ಅವನು ಮಲಗಿರ್ಲಿಲ್ಲ ಕಣ್ರೀ, ಸೀಟಲ್ಲಿ ಒರಗಿ ಮೊಬೈಲ್ ನೋಡ್ತಿದ್ದ. ಭಾವ ಆಗಲೇ "ಏನೋ ಸರಿಯಿಲ್ಲ" ಅಂದ್ರು. ನಾನೇ ಸುಮ್ನಿರಿ ಭಾವ ಅಂದೆ.

ಮನೆ ಮುಟ್ಟಿದಾಗ 12:25. ಇಳೀತಿದ್ದ ಹಾಗೇ ಚೀಟಿ ಕೊಟ್ಟ. ಪ್ಯಾಕೇಜ್ 11,500. ಗ್ಯಾರೇಜ್‌ನಿಂದ ಗ್ಯಾರೇಜ್‌ಗೆ 612 ಕಿ.ಮೀ., ಎಕ್ಸ್‌ಟ್ರಾ 62ಕ್ಕೆ 1,240. ಘಾಟಿ ಚಾರ್ಜ್ 700. ನೈಟ್ ಬಾಟಾ 500. ಎರಡನೇ ದಿನದ ಬಾಡಿಗೆ 4,500.

ಎರಡನೇ ದಿನ! ಇಪ್ಪತ್ತೈದು ನಿಮಿಷಕ್ಕೆ!

ಓನರ್‌ಗೆ ಫೋನ್ ಮಾಡಿದ್ರೆ ಮೊದಲನೇ ರಿಂಗಿಗೇ ಎತ್ತಿದ್ರು, ಕಾಯ್ತಾ ಕೂತಿದ್ದವರ ಹಾಗೆ. "ಮೇಡಂ, ಹನ್ನೆರಡಕ್ಕೆ ತಾರೀಕು ಬದಲಾಗುತ್ತೆ, ಡೇಟ್ ಲೆಕ್ಕ ಎಲ್ಲಾ ಕಡೆ ಇರೋದೇ. ನಿಮಗೆ ಗೊತ್ತಿಲ್ವಾ?" ಗೊತ್ತಿಲ್ಲ ಅಂದೆ. "ಗೊತ್ತಿಲ್ಲ ಅಂದ್ರೆ ಕೇಳ್ಬೇಕಿತ್ತು." ದಾರಿ ಬದಲಾಯಿಸಿದ್ದು ನಿಮ್ಮ ಡ್ರೈವರ್ ಅಲ್ವಾ ಅಂದ್ರೆ, "ನಿಮ್ಮ ಸೇಫ್ಟಿಗೇ ಮೇಡಂ." ಬೆಳಿಗ್ಗೆ ಲೇಟಾಗಿ ಬಂದಿದ್ದು? "ಬೀಚಲ್ಲಿ ಲೇಟ್ ಮಾಡಿದ್ದು ನೀವು." ಡ್ರೈವರ್ ಡಿಕ್ಕಿ ಲಾಕ್ ಮಾಡ್ಕೊಂಡು ನಿಂತಿದ್ದ, ಬ್ಯಾಗು ಇಳಿಸೋಕೆ ಬಿಡಲಿಲ್ಲ. ಅಮ್ಮನ ಮಾತ್ರೆ ಅದರಲ್ಲೇ ಇತ್ತು. ಉಳಿದ 10,440 ಫೋನ್‌ಪೇ ಮಾಡಿ ಬ್ಯಾಗು ಬಿಡಿಸ್ಕೊಂಡ್ವಿ.

ಮಾರನೇ ದಿನ ಗೊತ್ತಾಯ್ತು, ನಮ್ಮ ಬೀದಿಯ ಹುಡುಗ ಅದೇ ರಾತ್ರಿ ಪುತ್ತೂರಿಂದ ಕೆಎಸ್‌ಆರ್‌ಟಿಸಿ ಬಸ್ಸಲ್ಲಿ ಸಂಪಾಜೆ ಮೇಲೇ ಬಂದಿದ್ದಾನೆ. ಎಲ್ಲೂ ಮರ ಬಿದ್ದಿರ್ಲಿಲ್ಲ, ಬಸ್ಸು ಎಲ್ಲೂ ನಿಂತಿರ್ಲಿಲ್ಲ. ಓನರ್‌ಗೆ ಇದನ್ನ ಕಳಿಸಿದ್ದಕ್ಕೆ "ಡ್ರೈವರ್‌ಗೆ ಯಾರೋ ಹೇಳಿದ್ರಂತೆ" ಅಂತ ಒಂದು ಮೆಸೇಜು. ಬಿಲ್ ಕೊಡಿ ಅಂದೆ. "ಬಿಲ್ ಬೇಕಂದ್ರೆ ಜಿಎಸ್‌ಟಿ ಎಕ್ಸ್‌ಟ್ರಾ ಆಗುತ್ತೆ." ಆಮೇಲೆ ಬ್ಲಾಕ್.

ಇಷ್ಟು ಮಾಡಿ. ದಿನ ಅಂದ್ರೆ 24 ಗಂಟೆನೋ ರಾತ್ರಿ ಹನ್ನೆರಡರ ತನಕವೋ, ಕಿ.ಮೀ. ಲೆಕ್ಕ ನಿಮ್ಮ ಮನೆಯಿಂದನೋ ಅವರ ಗ್ಯಾರೇಜಿಂದನೋ, ಹೋಗೋ ಬರೋ ದಾರಿ ಯಾವುದು, ಎಲ್ಲ ವಾಟ್ಸಾಪಲ್ಲಿ ಬರೆಸ್ಕೊಳ್ಳಿ. ಅಡ್ವಾನ್ಸ್ ಆಮೇಲೆ. ಹತ್ತುವಾಗಲೇ ಮೀಟರಿನ ಫೋಟೋ ತೆಗೀರಿ. ಘಾಟಿ ಬಂದ್ ಅಂತ ಡ್ರೈವರ್ ಹೇಳಿದ್ರೆ ಪುತ್ತೂರು, ಸುಳ್ಯದಲ್ಲಿ ಗೊತ್ತಿರೋ ಒಬ್ಬರಿಗಾದ್ರೂ ಫೋನ್ ಮಾಡಿ. ಮಾಣಿಯಲ್ಲಿ ನಾನು ಆ ಒಂದು ಫೋನ್ ಮಾಡ್ಲಿಲ್ಲ.

ತಲೆಗೆ ಇಷ್ಟು ಅಂತ ಎಲ್ಲರ ಹತ್ರ ಮೊದಲೇ ದುಡ್ಡು ತಗೊಂಡಿದ್ದೆ. ಜಾಸ್ತಿ ಆದ 6,940ನ್ನ ಯಾವ ಬಾಯಲ್ಲಿ ಕೇಳ್ಲಿ? ಭಾವ ಕೇಳದೇ ಅರ್ಧ ಕಳಿಸಿದ್ರು, ನಾನು ವಾಪಸ್ ಹಾಕ್ದೆ, ಅದಕ್ಕೆ ಅಕ್ಕ ಮುನಿಸ್ಕೊಂಡಿದ್ದಾಳೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಬಿಲ್ ಇದೆಯಾ ಅಂತ ಕೇಳಿದ್ರು. ನನ್ನ ಹತ್ರ ಇರೋದು ಪೆನ್ನಲ್ಲಿ ಬರೆದ ಆ ಚೀಟಿ, ಅದರ ಮೇಲೆ ಹೆಸರೂ ಇಲ್ಲ, ಸಹೀನೂ ಇಲ್ಲ.